ಬಲೂನು ಎದ್ದ ಮಧ್ಯಾಹ್ನ

ಈಗಲೂ ಕಿತ್ತಳೆ ಸಿಪ್ಪೆಯ ಘಮ ಬಂದರೆ ನನ್ನ ಕಣ್ಣು ಬಲೂನು ಹುಡುಕುತ್ತದೆ.

ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಪ್ಪ ಮೊದಲ ಸಲ ವೈನ್ ಮಾಡಲು ಹೊರಟಿದ್ದರು. ಕಿತ್ತಳೆ ರಸಕ್ಕೆ ಸಕ್ಕರೆ, ಯೀಸ್ಟ್ ಬೆರೆಸಿ ದೊಡ್ಡ ಗಾಜಿನ ಬಾಟಲಿಗೆ ತುಂಬಿ, ಅದರ ಬಾಯಿಗೆ, ರಸ ಹುದುಗುವಾಗ ಏಳುವ ಗಾಳಿ ಹೆಚ್ಚಾದರೆ ಹೊರಹೋಗಲೆಂದು ಸೂಜಿ ಚುಚ್ಚಿದ ಕೆಂಪು ಬಲೂನು ಸಿಕ್ಕಿಸಿದ್ದರು.

"ಇದು ಎದ್ದು ನಿಂತ್ರ ನಾವು ಗೆದ್ದಂಗ. ಅಜ್ಜಿಗೆ ಮಾತ್ರ ಶರಬತ್ತು ಅಂತ ಹೇಳು," ಎಂದಿದ್ದರು.

ಮರುದಿನವೂ ಬಲೂನು ಒದ್ದೆ ಕಾಲುಚೀಲದಂತೆ ಜೋತುಬಿದ್ದಿತ್ತು. ಅಪ್ಪನ ಮುಖವೂ ಹಾಗೇ. ಅಜ್ಜಿ ಬಂದು ಬಾಟಲಿಯ ಮೇಲೆ ಅಂಗೈ ಇಟ್ಟು ನೋಡಿದಳು.

"ಈ ಥಂಡ್ಯಾಗ ಇಡ್ಲಿ ಹಿಟ್ಟ ಉಬ್ಬೂದಿಲ್ಲ, ಇದು ಹೆಂಗ ಉಬ್ಬತೈತಿ?"

ಬಾಟಲಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಿಸಿ, ತಾನು ಹೊದ್ದಿದ್ದ ಶಾಲನ್ನೇ ಅದಕ್ಕೆ ಸುತ್ತಿದಳು.

ಹೊತ್ತು ಇಳಿಯುವಷ್ಟರಲ್ಲಿ ಶಾಲಿನೊಳಗಿಂದ ಸಣ್ಣಗೆ ಬುಸುಬುಸು ಕೇಳಿಸಿತು. ಬಲೂನು ಒಂದು ಬದಿಗೆ ಉಬ್ಬಿತು, ನಡುಗಿತು, ನೆಟ್ಟಗೆ ನಿಂತಿತು. ಅಪ್ಪ ನನ್ನನ್ನು ಎತ್ತಿಕೊಂಡು ಅಡುಗೆಮನೆ ತುಂಬ ಕುಣಿದರು.

"ಅಜ್ಜಿ, ನಮ್ಮ ಶರಬತ್ತು ಎದ್ದೈತಿ," ಎಂದು ಕೂಗಿದೆ.

ಅಜ್ಜಿ ಜಾರಿದ ಶಾಲನ್ನು ಬಾಟಲಿಗೆ ಮತ್ತೆ ಬಿಗಿಯಾಗಿ ಸುತ್ತಿದಳು.

"ನಿಮ್ಮಜ್ಜಾರೂ ನನಗ ಶರಬತ್ತು ಅಂತನ ಹೇಳತಿದ್ರು."