ಅಪ್ಪ ಹೆಣೆದ ಜಡೆ

ಅಥವಾ ಅಜ್ಜಿ ನನ್ನ ಜಡೆ ನೋಡಿ ನಕ್ಕದ್ದು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅಲ್ಲವೇ ಅಲ್ಲ, ಅದು ನಾನೇ ಆಮೇಲೆ ಮನಸ್ಸಿನಲ್ಲಿ ಕಟ್ಟಿಕೊಂಡ ಜಾಗವೋ ಏನೋ. ಆದರೆ ಹಗ್ಗ ಹೊಸೆಯುವ ಪುಂಡಿನಾರಿನ ವಾಸನೆ ಬಂದರೆ ಈಗಲೂ ನನ್ನ ಕೈ ತಲೆಯ ಹಿಂದಕ್ಕೆ ಹೋಗುತ್ತದೆ.

ಅಪ್ಪ ಅವ್ವ ಬೇರೆಯಾದ ಮೇಲೆ ನಾನು ಶಹಾಪುರದಲ್ಲಿ ಅವ್ವನ ಹತ್ತಿರ ಇದ್ದೆ. ಸುರಪುರದಲ್ಲಿದ್ದ ಅಪ್ಪ ನನ್ನ ಭಾನುವಾರಗಳನ್ನು ತನಗೆ ಕೊಡಬೇಕೆಂದು ಕೋರ್ಟಿನಲ್ಲಿ ಕೇಳಿದ.

"ಈ ಮನಷ್ಯಾಗ ಹುಡುಗಿಗಿ ಜಡಿ ಹಾಕಾಕ ಬರಂಗಿಲ್ರೀ ಸಾಹೇಬ್ರ," ಎಂದು ಅವ್ವನ ತಾಯಿ, ನನ್ನ ಅಜ್ಜಿ, ಅಡ್ಡ ಬಂದಳು. ಮುಂದಿನ ತಾರೀಖಿನವರೆಗೆ ಕಳಿಸಿ ನೋಡಿ, ಆಮೇಲೆ ತಾಯಿಯನ್ನು ಕೇಳಿ ತೀರ್ಮಾನಿಸೋಣ ಎಂದರು ನ್ಯಾಯಾಧೀಶರು.

ಎತ್ತಿನ ಹಗ್ಗ ಹೊಸೆಯುವುದು ಅಪ್ಪನ ಕಸುಬು. ಮೊದಲ ಭಾನುವಾರ ಅವನು ನನ್ನ ಕೂದಲನ್ನೂ ಹಗ್ಗದ ಹಾಗೆಯೇ ನಾಲ್ಕು ಎಳೆ ಮಾಡಿ ಹೆಣೆದು, ತುದಿಗೆ ಪುಂಡಿನಾರು ಬಿಗಿದ. ಸಂಜೆ ಬಸ್ಸಿನಲ್ಲಿ ಶಹಾಪುರಕ್ಕೆ ತಂದು ಬಿಟ್ಟಾಗ, ಅವ್ವನ ಜೊತೆ ಬಸ್‌ಸ್ಟ್ಯಾಂಡಿಗೆ ಬಂದಿದ್ದ ಅಜ್ಜಿ ನಕ್ಕಳು.

"ಏ ಹುಡುಗಿ, ಯಾವ ಎತ್ತಿನ ಗ್ವಾದಲಿಗಿ ಕಟ್ಟಿದ್ದ ನಿಮ್ಮಪ್ಪ ನಿನ್ನ?"

ಅಪ್ಪ ನೆಲ ನೋಡುತ್ತ ನಿಂತ.

"ನಮ್ಮಪ್ಪ ಹೆಣದಾನ! ಜಗ್ಗಿ ನೋಡು, ಬಿಚ್ಚಂಗಿಲ್ಲ!" ಎಂದು ನಾನು ಎದೆಯುಬ್ಬಿಸಿ ಹೇಳಿದೆ.

ಜಗ್ಗಿ ನೋಡಿದ್ದು ಅವ್ವ. ಮರುದಿನ ಅದೇ ಜಡೆಯಲ್ಲಿ ಶಾಲೆಗೆ ಕಳಿಸಿದಳು.

ನಾನು ದೊಡ್ಡವಳಾಗುವವರೆಗೂ ಭಾನುವಾರಗಳು ಅಪ್ಪನವೇ ಆಗಿದ್ದವು. ಮುಂದಿನ ತಾರೀಖಿಗೆ ಅವ್ವ ಕೋರ್ಟಿನಲ್ಲಿ ಏನು ಹೇಳಿದಳೋ, ನನಗೆ ಗೊತ್ತಿಲ್ಲ.