ಹನ್ನೊಂದು ಮುಳ್ಳಿನ ಶಂಖ

ಶಂಖದ ಮೂರನೆಯ ಮುಳ್ಳಿನ ಬುಡದಲ್ಲಿ ಮಣ್ಣು ಬಿಡಿಸುತ್ತಿದ್ದ ಸೂಜಿ ಜಾರಿತು. ಮುಳ್ಳು ಮುರಿಯಲಿಲ್ಲ, ಮುದುಕನ ಮೂಗಿನ ತುದಿಯಿಂದ ಬೆವರಿನ ಹನಿಯೊಂದು ಮೇಜಿನ ಮೇಲೆ ಬಿತ್ತು. ಅವನು ಸೂಜಿ ಕೆಳಗಿಟ್ಟು, ನಡುಗುವ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತ. ಕಿಟಕಿಯ ಪಕ್ಕದಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. ಅವಳ ಮೆಷಿನ್ನಿನ ಸದ್ದು ಮಾತ್ರ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಹೆಂಚಿನ ಕಾರ್ಖಾನೆಗೆ ಜೇಡಿಮಣ್ಣು ಕಡಿಯುತ್ತಿದ್ದಷ್ಟು ವರ್ಷವೂ ಅವನು ಇಂಥ ಶಂಖಗಳನ್ನು ಕೂಡಿಡುತ್ತಲೇ ಬಂದಿದ್ದ. ಆ ಮಣ್ಣಿನ ಗುಂಡಿಯ ಜಾಗದಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತಂತೆ. ಬೇರೆ ಜೀವಿಗಳನ್ನು ಬೇಟೆಯಾಡಿ ತಿನ್ನುತ್ತಿದ್ದ ಕಡಲ ಬಸವನಹುಳುಗಳ ಚಿಪ್ಪುಗಳಿವು; ಆ ಹುಳುಗಳ ವಂಶ ಈಗ ಎಲ್ಲಿಯೂ ಇಲ್ಲ. ಕಪಾಟಿನ ತುಂಬ ಇದ್ದವುಗಳಲ್ಲಿ ಒಂದಕ್ಕೂ ಮುಳ್ಳು ಪೂರಾ ಇರಲಿಲ್ಲ. ಗುಂಡಿ ಮುಚ್ಚುವ ಹಿಂದಿನ ವಾರ ಸಿಕ್ಕ ಈ ಹೆಂಟೆಯೊಳಗಿನದಕ್ಕೆ ಮಾತ್ರ ಹನ್ನೊಂದೂ ಇದ್ದಂತಿತ್ತು. ಇನ್ನೊಂದು ಸಿಗುವ ಹಾಗಿರಲಿಲ್ಲ. ಹೆಂಡತಿಗೆ ಆ ಹುಳುಗಳ ಮೇಲೆ ಮೊದಲಿಂದಲೂ ಅಸಮಾಧಾನ. ಅವು ಬೇರೆ ಚಿಪ್ಪಿಗೆ ದುಂಡನೆಯ ತೂತು ಕೊರೆದು ಒಳಗಿನ ಜೀವವನ್ನು ತಿನ್ನುತ್ತಿದ್ದವೆಂದು ಅವನು ಹೇಳಿದಾಗ, ಇಷ್ಟು ಚೆಂದದ ಮನೆ ಇಟ್ಟುಕೊಂಡು ಕಂಡವರ ಮನೆಗೆ ಕನ್ನ ಹಾಕುವ ಬುದ್ಧಿ ಯಾಕೆ ಬಂತೋ ಎಂದಿದ್ದಳು.

ಮಧ್ಯಾಹ್ನ ಉಂಡು ಮಲಗಿ ಎದ್ದವನು ಕನ್ನಡಕ ಹುಡುಕಿ ಹಾಕಿಕೊಂಡು ಮೇಜಿಗೆ ಬಂದ. ಮೂರನೆಯ ಮುಳ್ಳು ಬುಡದವರೆಗೂ ಬಿಡಿಸಿಕೊಂಡು ನಿಂತಿತ್ತು. ನಾಲ್ಕನೆಯದೂ. ಐದನೆಯದು ಇನ್ನೂ ಮಣ್ಣಿನೊಳಗಿತ್ತು. ಅದು ಹೋಗಿರಬಹುದಾದ ದಾರಿಗೆ, ಅಂಗಿಯ ತೋಳು ಕತ್ತರಿಸುವ ಮುಂಚೆ ಎಳೆಯುವಂತೆ, ನೀಲಿ ಸೀಮೆಸುಣ್ಣದ ಸಣ್ಣ ಗೆರೆ ಬಿದ್ದಿತ್ತು.

"ಲಕ್ಷಾಂತರ ವರ್ಷದ ಶಂಖಕ್ಕೆ ಯಾರೋ ಅಂಗಿ ಅಳತೆ ತಗೊಂಡಿದ್ದಾರಲ್ಲ," ಎಂದ.

"ನೀವೇ ಎಳೆದಿರ್ತೀರಿ. ಈಗೀಗ ಮರೆವು ಜಾಸ್ತಿ ನಿಮಗೆ," ಎಂದಳು ಹೆಂಡತಿ.

ಅವನು ಶಂಖವನ್ನು ತಿರುಗಿಸಿ ತಿರುಗಿಸಿ ನೋಡಿದ. ಮೂವತ್ತು ವರ್ಷ ತಪ್ಪು ಹೊಲಿಗೆ ಬಿಚ್ಚಿದ ಕೈ; ಬಟ್ಟೆಗೆ ನೋವಾಗದಂತೆ ಎಳೆ ತೆಗೆಯುವ ಹಾಗೆ ಮಣ್ಣು ತೆಗೆದಿತ್ತು. ತನ್ನ ಮೇಜನ್ನು ಯಾರೂ ಮುಟ್ಟಕೂಡದೆಂದು ಮನೆಮಂದಿಗೆಲ್ಲ ತಾಕೀತು ಮಾಡಿದವನು, ಅದೇ ಕಾರಣಕ್ಕೆ ಮೊಮ್ಮಗಳನ್ನು ಅಳಿಸಿದವನು, ಬೈಯಲೆಂದು ಬಾಯಿ ತೆರೆದ. ಆಮೇಲೆ, ಗೆರೆ ಕೂದಲೆಳೆಯಷ್ಟು ಎಡಕ್ಕೆ ಬಿದ್ದಿದೆ, ಈ ಜಾತಿಯದರ ಮುಳ್ಳು ತುದಿಯಲ್ಲಿ ಬಲಕ್ಕೆ ಬಾಗುತ್ತದೆ ಎಂದಷ್ಟೇ ಗೋಡೆಗೆ ಹೇಳುವಂತೆ ಹೇಳಿದ.

ಮರುದಿನ ಊಟವಾದ ಮೇಲೆ ಅವನು ತನ್ನ ಎತ್ತರಕ್ಕಿದ್ದ ಮೇಜಿನ ದೀಪವನ್ನು ಒಂದು ಗೇಣು ತಗ್ಗಿಸಿ, ಕುರ್ಚಿಯ ಮೇಲೆ ದಿಂಬು ಹಾಕಿದ. ನಾಲ್ಕು ಗಂಟೆಯ ತನಕ ತನ್ನನ್ನು ಯಾರೂ ಎಬ್ಬಿಸಬಾರದೆಂದು ಸಾರಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮೆಷಿನ್ನು ನಿಂತಿತು. ಕುರ್ಚಿ ಕಿರುಗುಟ್ಟಿತು. ಮಣ್ಣಿನ ಮೇಲೆ ಸೂಜಿಯ ಸದ್ದು ಮೆಲ್ಲಗೆ, ಒಂದೇ ಸಮನೆ ಕೇಳತೊಡಗಿತು. ಬಹಳ ಹೊತ್ತಿನ ಮೇಲೆ ಆ ಸದ್ದು ಬದಲಾಯಿತು.

"ಅಲ್ಲಿ ಒಳಗೆ ಟೊಳ್ಳಿದೆ. ಒತ್ತಬೇಡ," ಎಂದ ಅವನು, ಕಣ್ಣು ಬಿಡದೆ.

"ನಿದ್ದೆ ಮಾಡೋರು ಗೊರಕೆ ಹೊಡೀಬೇಕು," ಎಂದಳು ಅವಳು, ಕೈ ಹಗುರ ಮಾಡುತ್ತ.

ಗೋಡೆಯ ಕಡೆಯಿಂದ ಗೊರಕೆ ಶುರುವಾಯಿತು.