ಬಾಯಿಸಾಹೇಬರ ಕೆಂಪು ಕಾರು

ಪೆಟ್ರೋಲ್ ವಾಸನೆ ಬಂದರೆ ಇಂದಿಗೂ ನನಗೆ ಸದಾಶಿವ ಪೇಠದ ನಮ್ಮ ಗ್ಯಾರೇಜಿನ ಆ ಮಧ್ಯಾಹ್ನವೇ ನೆನಪಾಗುತ್ತದೆ. ಗಂಡಸರ ನಡುವೆ ರೇಸು ಓಡಿಸುತ್ತಿದ್ದ ಒಬ್ಬರೇ ಹೆಂಗಸು, ಬೆಳಗಾವಿ ಕಡೆಯ ಬಾಯಿಸಾಹೇಬರು, ತಮ್ಮ ಎರಡೇ ಸೀಟಿನ ಕೆಂಪು ಕಾರನ್ನು ರಿಪೇರಿಗೆ ತಂದಿದ್ದರು. ಮರುದಿನವೇ ರೇಸು. ಕಾರು ರಿಪೇರಿಯ ಮಿಸ್ತ್ರಿಯಾಗಿದ್ದ ಅಪ್ಪ ಎಂಜಿನ್ನಿನ ಸಂದಿಯಲ್ಲಿ ನಟ್ಟು ಬೀಳಿಸಿಕೊಂಡ. ಅವನ ದಪ್ಪ ಕೈ ಒಳಗೆ ಹೋಗಲೇ ಇಲ್ಲ.

"ಬಳಿ ತೆಗದು ನೀ ಕೈ ಹಾಕವಾ," ಅಂದ ನನಗೆ.

"ಹೆಣ್ಣಹುಡುಗಿ ಬರಿಗೈಲೆ ಇರಬಾರದೋ!" ಎಂದು ಮನೆ ಬಾಗಿಲಲ್ಲಿದ್ದ ಅಜ್ಜಿ ಕೂಗಿದಳು.

"ನನ್ನ ಕೈನೂ ಬರೀದ ಅದರೀ, ಅಜ್ಜಿ," ಎಂದು ಬಾಯಿಸಾಹೇಬರು ನಕ್ಕರು.

ನಾನು ಹಸಿರು ಬಳೆ ಕಳಚಿಟ್ಟು, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ನಟ್ಟು ತೆಗೆದೆ. ಬಾಯಿಸಾಹೇಬರು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಪೇಠವನ್ನೆಲ್ಲ ಸುತ್ತಿಸಿದರು.

ಮರಳಿದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಬೈಯಲಿಲ್ಲ.

"ನನ್ನ ಕೈನೂ ಸಣ್ಣದ ಅದ," ಅಂದಳು ಅಪ್ಪನಿಗೆ. "ಇನ್ನೊಮ್ಮೆ ನಟ್ಟು ಬಿದ್ರ ನನ್ನ ಕರಿ."